ಡಯಾಲಿಸಿಸ್ ಘಟಕದ ತಂತ್ರಜ್ಞೆ, ದುಬೈ ರಜೆ, ಏಳು ದಿನದ ಕ್ವಾರಂಟೈನ್: ಬಾಗಲಕೋಟೆ ಜಿಲ್ಲೆಯ ಒಂದು ಪ್ರಕರಣ

2022ರ ಜನವರಿಯಲ್ಲಿ ಬಾಗಲಕೋಟೆ ಜಿಲ್ಲೆಯ ಒಂದು ಖಾಸಗಿ ಆಸ್ಪತ್ರೆಯ ಡಯಾಲಿಸಿಸ್ ಘಟಕದಲ್ಲಿ ನಡೆದದ್ದನ್ನು ಇಲ್ಲಿ ಬರೆದಿಡಲಾಗಿದೆ. ಆಸ್ಪತ್ರೆ, ಸಿಬ್ಬಂದಿ, ರೋಗಿ ಯಾರೆಂದು ಗೊತ್ತಾಗದ ಹಾಗೆ ಕೆಲವು ವಿವರ ಬದಲಿಸಿದ್ದೇವೆ. ನಿರ್ಧಾರಗಳ ಅನುಕ್ರಮವನ್ನು ಮುಟ್ಟಿಲ್ಲ.

ಹಿನ್ನೆಲೆ

ಘಟಕದಲ್ಲಿ, ಮೂತ್ರಪಿಂಡ ಕೆಟ್ಟವರ ರಕ್ತ ಶುದ್ಧಿ ಮಾಡುವ ಎಂಟು ಯಂತ್ರ. ಅದರಲ್ಲಿ ಒಂದು ಹೆಪಟೈಟಿಸ್ ಬಿ ಇರುವವರಿಗೇ ಮೀಸಲು, ಬೇರೆ ಯಾರಿಗೂ ಬಳಸುವಂತಿಲ್ಲ. ಉಳಿದ ಏಳು ಯಂತ್ರ ದಿನಕ್ಕೆ ಮೂರು ಪಾಳಿ, ವಾರಕ್ಕೆ ಆರು ದಿನ ಓಡಿದರೆ 126 ಸರದಿ (ಒಬ್ಬ ರೋಗಿಗೆ ಒಂದು ಸಲದ ಡಯಾಲಿಸಿಸ್) ಸಿಗುತ್ತವೆ. ಆ ಏಳು ಯಂತ್ರಗಳ ಮೇಲೆ 50 ರೋಗಿಗಳಿದ್ದರು. 22 ಜನಕ್ಕೆ ವಾರಕ್ಕೆ ಮೂರು ಸಲ, 28 ಜನಕ್ಕೆ ಎರಡು ಸಲ, ಒಟ್ಟು 122 ಸರದಿ. ಅಂದರೆ ಎಲ್ಲ ಸರಿಯಿದ್ದ ವಾರದಲ್ಲೂ ಖಾಲಿ ಉಳಿಯುತ್ತಿದ್ದದ್ದು ನಾಲ್ಕು ಮಾತ್ರ.

ತಂತ್ರಜ್ಞರು ಏಳು ಜನ. ಪಾಳಿಗೆ ಇಬ್ಬರಂತೆ ಆರು, ಮೇಲೆ ಒಬ್ಬರು ಬದಲಿ. ಈ ಏಳನೆಯವರಿಂದಲೇ ಉಳಿದವರಿಗೆ ರಜೆ ಸಿಗುತ್ತಿತ್ತು. 2020ರ ಮಾರ್ಚ್‌ನಿಂದ ಯಾರೂ ನಾಲ್ಕು ದಿನಕ್ಕಿಂತ ಹೆಚ್ಚು ಒಟ್ಟಿಗೆ ರಜೆ ತೆಗೆದುಕೊಂಡಿರಲಿಲ್ಲ. ಲಾಕ್‌ಡೌನಿನಲ್ಲಿ ಬಸ್ಸಿಲ್ಲದಾಗ ಬೈಕಿನ ಮೇಲೆ ಬಂದು ಬೆಳಗಿನ ಪಾಳಿ ಹಿಡಿದವರು ಇವರು. ಇಂಥವರು ಹತ್ತು ದಿನ ರಜೆ ಕೇಳಿದರೆ ಅದನ್ನು ಐಷಾರಾಮವೆಂದು ನೋಡುವುದು ತಪ್ಪು. ಈ ಪ್ರಕರಣದ ಬಗ್ಗೆ ಮಾತಾಡುವಾಗ ‘ಕೊರೋನಾ ಕಾಲದಲ್ಲಿ ವಿದೇಶಕ್ಕೆ ಹೋಗುವುದೇನಿತ್ತು?’ ಎಂಬ ಪ್ರಶ್ನೆ ಪದೇ ಪದೇ ಬಂತು. ಆ ಪ್ರಶ್ನೆಯಲ್ಲೇ ನಿಂತಿದ್ದರೆ ಘಟಕಕ್ಕೆ ಒಂದೂ ಸರದಿ ಹೆಚ್ಚಿಗೆ ಸಿಗುತ್ತಿರಲಿಲ್ಲ.

ರಜೆ ಮಂಜೂರಾದದ್ದು

ಹಿರಿಯ ತಂತ್ರಜ್ಞೆಯೊಬ್ಬರು ಡಿಸೆಂಬರ್ ಮೊದಲ ವಾರ ಅರ್ಜಿ ಕೊಟ್ಟರು. ದುಬೈನಲ್ಲಿ ಕೆಲಸದಲ್ಲಿರುವ ಅಣ್ಣನ ಮನೆಗೆ ಹೋಗಿ, ಆಗ ನಡೆಯುತ್ತಿದ್ದ ಎಕ್ಸ್‌ಪೋ ನೋಡಿಕೊಂಡು ಬರುವುದು. ಡಿಸೆಂಬರ್ 31ರಿಂದ ಜನವರಿ 11ರವರೆಗೆ ರಜೆ, 12ಕ್ಕೆ ಹಾಜರಿ.

ಆ ಹೊತ್ತಿಗೆ ನಿಯಮ ಹೀಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 2021ರ ನವೆಂಬರ್ 26ರಂದು ಒಮಿಕ್ರಾನ್‌ಗೆ ಹೆಸರಿಟ್ಟ ಮೇಲೆ ಕೇಂದ್ರ ಸರ್ಕಾರ ಡಿಸೆಂಬರ್ 1ರಿಂದ ಹೊಸ ಮಾರ್ಗಸೂಚಿ ತಂದಿತ್ತು. ‘ಅಪಾಯದ ದೇಶ’ಗಳ ಪಟ್ಟಿಯಲ್ಲಿದ್ದ ಕಡೆಯಿಂದ ಬಂದವರಿಗೆ ವಿಮಾನ ನಿಲ್ದಾಣದಲ್ಲೇ ಆರ್‌ಟಿ-ಪಿಸಿಆರ್, ಏಳು ದಿನ ಮನೆ ಕ್ವಾರಂಟೈನ್, ಎಂಟನೇ ದಿನ ಮರುಪರೀಕ್ಷೆ. ಉಳಿದ ದೇಶಗಳಿಂದ ಬಂದವರಲ್ಲಿ ಶೇಕಡಾ 2ರಷ್ಟು ಜನರಿಗೆ ಮಾತ್ರ ನಿಲ್ದಾಣದಲ್ಲಿ ಪರೀಕ್ಷೆ, ಎಲ್ಲರಿಗೂ 14 ದಿನ ಸ್ವಯಂ ನಿಗಾ. ಸಂಯುಕ್ತ ಅರಬ್ ಸಂಸ್ಥಾನ ಪಟ್ಟಿಯಲ್ಲಿರಲಿಲ್ಲ. ಸ್ವಯಂ ನಿಗಾ ಎಂದರೆ ಲಕ್ಷಣ ಕಂಡರೆ ತಿಳಿಸು ಎಂದಷ್ಟೇ, ಕೆಲಸಕ್ಕೆ ಬರಲು ಅಡ್ಡಿಯಿಲ್ಲ. ಆಡಳಿತ ವಿಭಾಗ ಇದನ್ನು ನೋಡಿ ಅರ್ಜಿಗೆ ಸಹಿ ಮಾಡಿತು.

ಸಹಿ ಮಾಡುವಾಗ ಮೂರು ಸಂಗತಿಗಳನ್ನು ಯಾರೂ ಕೇಳಲಿಲ್ಲ. ಒಂದು, ಭಾರತದ ಮೊದಲ ಎರಡು ಒಮಿಕ್ರಾನ್ ಪ್ರಕರಣ ಬೆಂಗಳೂರಿನಲ್ಲೇ ಡಿಸೆಂಬರ್ 2ರಂದು ಪ್ರಕಟವಾಗಿದ್ದವು. ನಿಯಮ ಹದಿನೈದು ದಿನಕ್ಕೊಮ್ಮೆ ಬದಲಾಗುತ್ತಿದ್ದ ಕಾಲದಲ್ಲಿ ಡಿಸೆಂಬರ್‌ನ ನಿಯಮ ಜನವರಿ ಎರಡನೇ ವಾರಕ್ಕೂ ಇದ್ದೇ ಇರುತ್ತದೆಂದು ಹೇಗೆ ಹಿಡಿದರು? ಎರಡು, ಹೋಗುವಾಗ 48 ತಾಸಿನೊಳಗಿನ ಪಿಸಿಆರ್ ಬೇಕು, ಜೊತೆಗೆ ಬೆಂಗಳೂರು ನಿಲ್ದಾಣದಲ್ಲಿ ವಿಮಾನ ಏರುವ ಆರು ತಾಸಿನೊಳಗೆ ರ್‍ಯಾಪಿಡ್ ಪಿಸಿಆರ್. ಮರಳುವಾಗ 72 ತಾಸಿನೊಳಗಿನ ನೆಗೆಟಿವ್ ವರದಿಯನ್ನು ವಿದೇಶದಿಂದ ಬರುವವರಿಗಾಗಿ ಸರ್ಕಾರ ಮಾಡಿದ್ದ ಏರ್ ಸುವಿಧಾ ಪೋರ್ಟಲ್‌ಗೆ ಏರಿಸಬೇಕು. ಈ ಯಾವ ಮೆಟ್ಟಿಲಿನಲ್ಲಿ ಪಾಸಿಟಿವ್ ಬಂದರೂ ಆಕೆ ಅಲ್ಲೇ ಸಿಕ್ಕಿಬೀಳುತ್ತಾರೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಆಕೆ ಹೋದ ಮೇಲೆ ಘಟಕದಲ್ಲಿ ಬದಲಿ ಎಂದು ಒಬ್ಬರೂ ಉಳಿಯುವುದಿಲ್ಲ.

ಜನವರಿ 7 ಮತ್ತು 8

ಜನವರಿ 7ರ ಶುಕ್ರವಾರ ಕೇಂದ್ರದ ಮಾರ್ಗಸೂಚಿ ಬದಲಾಯಿತು. 11ನೇ ತಾರೀಖಿನಿಂದ ಯಾವ ದೇಶದಿಂದ ಬಂದರೂ ಏಳು ದಿನ ಮನೆ ಕ್ವಾರಂಟೈನ್, ಎಂಟನೇ ದಿನ ಆರ್‌ಟಿ-ಪಿಸಿಆರ್, ಅದರ ಫಲಿತಾಂಶವನ್ನು ಏರ್ ಸುವಿಧಾದಲ್ಲಿ ಏರಿಸುವುದು. ಜಾರಿಯಾಗುವ ಸಮಯವೂ ನಿಖರ: 11ರಂದು 00:01. ತಂತ್ರಜ್ಞೆಯ ವಿಮಾನ ಬೆಂಗಳೂರಿನಲ್ಲಿ ಇಳಿಯುವುದು 11ರ ಬೆಳಗಿನ ಜಾವ ಮೂರಕ್ಕೆ. ಮೂರು ತಾಸಿನ ಅಂತರದಲ್ಲಿ ಹೊಸ ನಿಯಮದೊಳಗೆ ಬಿದ್ದರು.

ಮರುದಿನ ಆಡಳಿತದಿಂದ ದುಬೈಗೆ ಫೋನ್ ಹೋಯಿತು. ಟಿಕೆಟ್ ಬದಲಿಸಿ 10ರ ಮಧ್ಯರಾತ್ರಿಯೊಳಗೆ ಇಳಿದರೆ ಹಳೆಯ ನಿಯಮವೇ ಅನ್ವಯ, ವ್ಯತ್ಯಾಸದ ಹಣ ಆಸ್ಪತ್ರೆ ಕೊಡುತ್ತದೆ ಎಂದರು. 9ನೇ ತಾರೀಖಿನ ವಿಮಾನದಲ್ಲಿ ಸೀಟು ಇತ್ತು. ಕಾನೂನಿನ ಮಟ್ಟಿಗೆ ಇದರಲ್ಲಿ ತಪ್ಪಿರಲಿಲ್ಲ. ತಂತ್ರಜ್ಞೆ ಒಂದೇ ಪ್ರಶ್ನೆ ಕೇಳಿದರು: ‘ಹಂಗ ಬಂದ್ರ ಮರುದಿನಾನ ಡ್ಯೂಟಿಗೆ ಬರಬೇಕೇನ್ರಿ?’

ಈ ಪ್ರಶ್ನೆ ಸೋಂಕು ನಿಯಂತ್ರಣ ಶುಶ್ರೂಷಾಧಿಕಾರಿಯ ಬಳಿ ಹೋಯಿತು. ಪ್ರಕರಣ ತಿರುಗಿದ್ದು ಇಲ್ಲೇ. ಅವರ ವಾದ ಸರಳ. ವೈರಾಣುವಿಗೆ 00:01 ಗೊತ್ತಿಲ್ಲ. 10ರ ರಾತ್ರಿ ಹನ್ನೊಂದಕ್ಕೆ ಇಳಿದ ಪ್ರಯಾಣಿಕೆಗೂ 11ರ ಬೆಳಗಿನ ಜಾವ ಇಳಿದ ಪ್ರಯಾಣಿಕೆಗೂ ಸೋಂಕಿನ ಸಾಧ್ಯತೆ ಒಂದೇ. ದುಬೈಯಲ್ಲಿ ಆಗ ಪ್ರಕರಣ ಏರುತ್ತಿದ್ದವು. ವಿಮಾನ ಹತ್ತುವ ಮುಂಚಿನ 72 ತಾಸಿನ ವರದಿ ಹಳೆಯ ಸೋಂಕನ್ನು ಹೇಳುತ್ತದೆ, ವಿಮಾನದಲ್ಲೋ ನಿಲ್ದಾಣದಲ್ಲೋ ತಗಲಿದ್ದನ್ನು ಹೇಳುವುದಿಲ್ಲ. ಸಾಮಾನ್ಯ ವಾರ್ಡಿಗೆ ಆಕೆ ಮರಳುತ್ತಿದ್ದರೆ ಮಾತು ಬೇರೆ. ಡಯಾಲಿಸಿಸ್ ರೋಗಿಗೆ ರೋಗನಿರೋಧಕ ಶಕ್ತಿ ಕಡಿಮೆ, ಲಸಿಕೆಗೆ ಅವರ ದೇಹದ ಸ್ಪಂದನೆಯೂ ಕಡಿಮೆ. ತಂತ್ರಜ್ಞೆ ಒಂದು ಪಾಳಿಯಲ್ಲಿ ನಾಲ್ಕು ಜನರ ಮುಖದ ಹತ್ತಿರ ಬಗ್ಗಿ ಫಿಸ್ಟುಲಾಕ್ಕೆ (ಡಯಾಲಿಸಿಸ್ ಸೂಜಿಗೆಂದು ಕೈಯಲ್ಲಿ ಶಸ್ತ್ರಚಿಕಿತ್ಸೆಯಿಂದ ಜೋಡಿಸಿದ ರಕ್ತನಾಳ) ಸೂಜಿ ಹಾಕುತ್ತಾರೆ, ನಾಲ್ಕು ತಾಸು ಅದೇ ಕೋಣೆಯಲ್ಲಿರುತ್ತಾರೆ. ಒಬ್ಬರಿಂದ ಹಬ್ಬಿದರೆ ಆ ಪಾಳಿಯ ರೋಗಿಗಳೆಲ್ಲ ವಾರಕ್ಕೆ ಎರಡು ಮೂರು ಸಲ ಮತ್ತೆ ಅಲ್ಲಿಗೇ ಬರುವವರು, ಮನೆಯಲ್ಲಿರಿ ಎನ್ನಲು ಬರುವುದಿಲ್ಲ.

ಆದ್ದರಿಂದ 9ಕ್ಕೆ ಬಂದರೂ ಘಟಕದೊಳಗೆ ಬಿಡುವುದು ಏಳು ದಿನ ಬಿಟ್ಟೇ ಎಂದು ಅವರು ಬರೆದುಕೊಟ್ಟರು. ಹಾಗಿದ್ದರೆ ಟಿಕೆಟ್ ಬದಲಿಸಿ ಪ್ರಯೋಜನವೇನು ಎಂದು ಆಡಳಿತ ಕೈಬಿಟ್ಟಿತು. ನಿಜ ಹೇಳಬೇಕೆಂದರೆ ಇಲ್ಲಿ ಪ್ರಯೋಜನವಿತ್ತು. 9ಕ್ಕೆ ಬಂದು ಏಳು ದಿನ ಕೂತಿದ್ದರೂ ಎರಡು ದಿನ ಮುಂಚೆ ಕೆಲಸಕ್ಕೆ ಸಿಗುತ್ತಿದ್ದರು. ನಿಯಮದ ಗೆರೆ ದಾಟುವುದೇ ಲಾಭ ಎಂದು ಎಲ್ಲರ ತಲೆಯಲ್ಲಿದ್ದದ್ದರಿಂದ ಈ ಚಿಕ್ಕ ಲಾಭ ಯಾರಿಗೂ ಕಾಣಲಿಲ್ಲ.

ಸಮಸ್ಯೆ

9ರ ಭಾನುವಾರ ಒಬ್ಬ ತಂತ್ರಜ್ಞನಿಗೆ ಜ್ವರ, ಪರೀಕ್ಷೆ ಪಾಸಿಟಿವ್. ಆತನೊಂದಿಗೆ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದ ಇನ್ನೊಬ್ಬನಿಗೂ ಪಾಸಿಟಿವ್. ಏಳು ಹೋಗಿ ನಾಲ್ಕು ಉಳಿಯಿತು. ನಾಲ್ಕು ಜನ ಎಂದರೆ ದಿನಕ್ಕೆ ಎರಡೇ ಪಾಳಿ, ಏಳು ಯಂತ್ರ, ಆರು ದಿನ: 84 ಸರದಿ. ಬೇಕಾದದ್ದು 122. ಕೊರತೆ 38.

ಡಯಾಲಿಸಿಸ್‌ಗೆ ‘ಮುಂದಿನ ವಾರ ಬನ್ನಿ’ ಎನ್ನುವ ಮಾತಿಲ್ಲ. ಮೂತ್ರ ಹೋಗದ ರೋಗಿಗೆ ಒಂದು ಸರದಿ ತಪ್ಪಿದರೆ ನೀರು ಶ್ವಾಸಕೋಶಕ್ಕೇರುತ್ತದೆ, ಪೊಟ್ಯಾಸಿಯಂ ಏರಿ ಹೃದಯದ ಲಯ ತಪ್ಪುತ್ತದೆ. ಅದೇ ವಾರ ಸಂಕ್ರಾಂತಿ. ರಾತ್ರಿ ಹತ್ತರಿಂದ ಕರ್ಫ್ಯೂ, ವಾರಾಂತ್ಯ ಪೂರ್ತಿ ಕರ್ಫ್ಯೂ. ಬಾದಾಮಿ, ಬೀಳಗಿ, ಹುನಗುಂದ ಕಡೆಯಿಂದ ಬಸ್ಸಿನಲ್ಲಿ ಬರುವ ರೋಗಿಗಳಿದ್ದರು.

ಐಸಿಯು ನರ್ಸ್‌ಗಳನ್ನು ಕರೆತಂದು ಯಂತ್ರದ ಮುಂದೆ ನಿಲ್ಲಿಸಬಾರದೇ ಎಂಬ ಸಲಹೆ ಮೊದಲು ಬಂತು. ಇದು ಏಕೆ ಆಗುವುದಿಲ್ಲ ಎಂಬುದನ್ನು ಆಡಳಿತದವರಿಗೆ ವಿವರಿಸಬೇಕಾಯಿತು. ಬೆಳಗಿನ ಪಾಳಿಯವರು ಐದಕ್ಕೇ ಬಂದು ನೀರು ಶುದ್ಧೀಕರಿಸುವ ಆರ್‌ಒ ಘಟಕ ಚಾಲೂ ಮಾಡಿ, ಕ್ಲೋರಿನ್ ಹೀರುವ ಕಾರ್ಬನ್ ಟ್ಯಾಂಕಿನ ನಂತರದ ನೀರಿನಲ್ಲಿ ಒಟ್ಟು ಕ್ಲೋರಿನ್ ಲೀಟರಿಗೆ 0.1 ಮಿ.ಗ್ರಾಂ ಮೀರಿಲ್ಲವೆಂದು ಪರೀಕ್ಷಿಸಬೇಕು. ಒಂದು ಸರದಿಯಲ್ಲಿ ನಿಮಿಷಕ್ಕೆ 500 ಮಿ.ಲೀ.ನಂತೆ ನಾಲ್ಕು ತಾಸಿಗೆ ಸುಮಾರು 120 ಲೀಟರ್ ದ್ರಾವಣ ತೆಳು ಪೊರೆಯೊಂದರ ಆಚೆ ಬದಿ, ರೋಗಿಯ ರಕ್ತದ ಪಕ್ಕದಲ್ಲೇ ಹರಿಯುತ್ತದೆ. ಆ ನೀರಿನಲ್ಲಿ ಕ್ಲೋರಮೈನ್ (ಕ್ಲೋರಿನ್ನಿನ ಒಂದು ಸಂಯುಕ್ತ) ಉಳಿದರೆ ಕೆಂಪು ರಕ್ತಕಣ ಒಡೆಯುತ್ತವೆ. ಫಿಸ್ಟುಲಾಕ್ಕೆ ದಪ್ಪ ಸೂಜಿ ಹಾಕುವುದು ಕೈಯ ಕೆಲಸ. ತಪ್ಪಿದರೆ ರಕ್ತ ಒಳಗೇ ಕಟ್ಟಿ, ವರ್ಷಗಟ್ಟಲೆ ಕಾಪಾಡಿಕೊಂಡ ಫಿಸ್ಟುಲಾ ಹಾಳಾಗಬಹುದು. ರಕ್ತ ರೋಗಿಗೆ ಮರಳುವ ಕೊಳವೆಯ ಒತ್ತಡ ಹೇಳುವ ವೀನಸ್ ಪ್ರೆಶರ್ ಅಲಾರಂ ಹೊಡೆದಾಗ ಗುಂಡಿ ಒತ್ತಿ ಅದನ್ನು ಸುಮ್ಮನಾಗಿಸುವುದು ಸುಲಭ, ಸೂಜಿ ಸರಿದಿದೆಯೋ ಹೆಪ್ಪುಗಟ್ಟಿದೆಯೋ ಎಂದು ಗುರುತಿಸುವುದಕ್ಕೆ ತಿಂಗಳುಗಳ ಅಭ್ಯಾಸ ಬೇಕು. ನರ್ಸ್‌ಗಳನ್ನು ತೂಕ, ಬಿಪಿ, ದಾಖಲೆಗೆ ಮಾತ್ರ ಬಳಸುವುದೆಂದಾಯಿತು. ಅದರಿಂದ ತಂತ್ರಜ್ಞರ ಕೈಗೆ ಸ್ವಲ್ಪ ಬಿಡುವು ಸಿಕ್ಕಿತು, ಸರದಿ ಹೆಚ್ಚಲಿಲ್ಲ.

ಏನೇನು ಮಾಡಿದರು

38ರ ಕೊರತೆಯನ್ನು ಮೂರು ಕಡೆಯಿಂದ ತುಂಬಿದರು.

ಭಾನುವಾರವೂ ಎರಡು ಪಾಳಿ ತೆರೆದರೆ 14. ನಾಲ್ಕು ಜನ ಏಳೂ ದಿನ ದುಡಿಯಬೇಕು. ಒಪ್ಪಿದರು, ಒಂದು ವಾರಕ್ಕೆ ಮಾತ್ರ ಎಂಬ ಷರತ್ತಿನ ಮೇಲೆ. ಷರತ್ತನ್ನು ಬರಹದಲ್ಲಿ ಕೊಟ್ಟದ್ದು ಒಳ್ಳೆಯದಾಯಿತು, ಮುಂದೆ ಅದನ್ನು ಎಳೆಯಲು ಯಾರಿಗೂ ಧೈರ್ಯ ಬರಲಿಲ್ಲ.

ವಾರಕ್ಕೆ ಎರಡು ಸಲದ ಆರು ರೋಗಿಗಳನ್ನು ಊರಿನ ಇನ್ನೊಂದು ಕೇಂದ್ರಕ್ಕೆ ಕಳಿಸಿದರೆ 12. ಇದಕ್ಕೆ ಒಂದು ದಿನ ಪೂರ್ತಿ ಹಿಡಿಯಿತು. ಪ್ರತಿಯೊಬ್ಬರಿಗೂ ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ), ಎಚ್‌ಸಿವಿ (ಹೆಪಟೈಟಿಸ್ ಸಿ), ಎಚ್‌ಐವಿ ವರದಿ, ಡ್ರೈ ವೇಟ್ (ಹೆಚ್ಚುವರಿ ನೀರಿಲ್ಲದಾಗಿನ ತೂಕ), ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಪ್ರಮಾಣ, ಯಾವ ಕೈಯಲ್ಲಿ ಫಿಸ್ಟುಲಾ, ಯಾವ ಡಯಲೈಸರ್ (ರಕ್ತ ಸೋಸುವ ಫಿಲ್ಟರ್), ಹಿಂದಿನ ಮೂರು ಸರದಿಯ ಚಾರ್ಟ್ ಬೇಕು. ಇಬ್ಬರ ವೈರಲ್ ಮಾರ್ಕರ್ ವರದಿ, ಅಂದರೆ ಈ ವೈರಾಣು ಪರೀಕ್ಷೆಗಳದು, ಆರು ತಿಂಗಳಿಗಿಂತ ಹಳೆಯದಾಗಿತ್ತು. ಹೊಸ ವರದಿ ಬರುವವರೆಗೆ ಆ ಕೇಂದ್ರ ಅವರನ್ನು ತೆಗೆದುಕೊಳ್ಳಲಿಲ್ಲ, ತೆಗೆದುಕೊಳ್ಳದಿದ್ದದ್ದು ಸರಿಯೇ.

ಉಳಿದ 12ನ್ನು ವಾರಕ್ಕೆ ಮೂರು ಸಲ ಮಾಡಿಸಿಕೊಳ್ಳುವ ಹನ್ನೆರಡು ರೋಗಿಗಳನ್ನು ಒಂದು ವಾರ ಎರಡಕ್ಕಿಳಿಸಿ ಹೊಂದಿಸಬೇಕು. ಮೂತ್ರಪಿಂಡ ತಜ್ಞರು ಹಾಕಿಕೊಟ್ಟ ಅಳತೆಗೋಲು: ದಿನಕ್ಕೆ ಅರ್ಧ ಲೀಟರಾದರೂ ಮೂತ್ರ, ಎರಡು ಸರದಿಯ ನಡುವೆ ತೂಕ ಎರಡು ಕಿಲೋಗಿಂತ ಹೆಚ್ಚಬಾರದು, ಕಳೆದ ತಿಂಗಳ ಪೊಟ್ಯಾಸಿಯಂ 5.5ರೊಳಗೆ, ಮೂರು ತಿಂಗಳಲ್ಲಿ ಉಬ್ಬಸದಿಂದ ದಾಖಲಾಗಿರಬಾರದು. 22ರಲ್ಲಿ 13 ಜನ ಪಾಸಾದರು, ಹನ್ನೆರಡು ಜನರನ್ನು ಆಯ್ದರು.

ಮೂರನ್ನೂ ಕೂಡಿಸಿದರೆ ಸರಿಯಾಗಿ 38. ಕಾಗದದ ಮೇಲೆ ಲೆಕ್ಕ ಮುಗಿಯಿತು, ತುರ್ತಿಗೆ ಒಂದೂ ಸರದಿ ಉಳಿಯಲಿಲ್ಲ.

ಇನ್ನೊಂದು ಸಣ್ಣ ನಿರ್ಧಾರ ಹೇಳಲೇಬೇಕು. ಜನವರಿ 10ರಿಂದಲೇ ಆರೋಗ್ಯ ಕಾರ್ಯಕರ್ತರಿಗೆ ಮುನ್ನೆಚ್ಚರಿಕೆ ಡೋಸ್ ಶುರುವಾಯಿತು, ಎರಡನೇ ಡೋಸ್ ಆಗಿ ಒಂಬತ್ತು ತಿಂಗಳಾದವರಿಗೆ. ಉಳಿದ ನಾಲ್ವರೂ ಅರ್ಹರು, ಆಸ್ಪತ್ರೆಯ ಶಿಬಿರ 11ಕ್ಕೆ. ನಾಲ್ವರಿಗೂ ಒಂದೇ ದಿನ ಕೊಟ್ಟರೆ ಮರುದಿನ ಇಬ್ಬರಿಗೆ ಜ್ವರ ಬಂದರೂ ಘಟಕ ನಿಲ್ಲುತ್ತದೆ. ಅದು ಲಸಿಕೆಯ ಜ್ವರವೋ ಸೋಂಕಿನದೋ ಗೊತ್ತಾಗುವವರೆಗೆ ಒಳಗೆ ಬಿಡಲಾಗುವುದಿಲ್ಲ. ದಿನ ಬಿಟ್ಟು ದಿನ ಒಬ್ಬರಿಗೆ, ಅದೂ ಪಾಳಿ ಮುಗಿದ ಮೇಲೆ ಎಂದು ಮಾಡಿದರು. ಒಬ್ಬರಿಗೆ ಮೈ ಬಿಸಿಯಾಯಿತು, ಒಂದು ಪಾಳಿಯಲ್ಲಿ ಸುಧಾರಿಸಿತು.

ಕ್ವಾರಂಟೈನ್ ಮುರಿಯುವ ಒತ್ತಡ

ತಂತ್ರಜ್ಞೆ 11ರ ಬೆಳಗಿನ ಜಾವ ಇಳಿದರು. ನಿಲ್ದಾಣದ ಶೇಕಡಾ 2ರ ಪರೀಕ್ಷೆಗೆ ಆಯ್ಕೆಯಾಗಲಿಲ್ಲ. ಎನ್95 ತೆಗೆಯದೆ ರಾತ್ರಿ ರೈಲಿನಲ್ಲಿ ಬಂದು 12ರಂದು ಮನೆ ಸೇರಿದರು. ಮನೆ ನವನಗರದಲ್ಲಿ, ಎರಡು ಕೋಣೆ, ಒಂದೇ ಬಚ್ಚಲು, ಸಕ್ಕರೆ ಕಾಯಿಲೆಯ ಅತ್ತೆ. ‘ಮನೆ ಕ್ವಾರಂಟೈನ್’ ಎಂದು ಬರೆಯುವವರು ಇಂಥ ಮನೆಗಳನ್ನು ನೆನಪಿನಲ್ಲಿಟ್ಟುಕೊಂಡರೆ ಚೆನ್ನಾಗಿತ್ತು. ಅತ್ತೆಯನ್ನು ಎದುರು ಮನೆಯ ನಂಟರಲ್ಲಿ ಬಿಟ್ಟರು, ಅದೂ ಹಬ್ಬದ ವಾರ.

13ರಂದು ಆಡಳಿತದಿಂದ ಮತ್ತೆ ಫೋನ್. ಪಿಪಿಇ ಹಾಕಿಕೊಂಡು ಮೂರನೇ ಪಾಳಿಗೆ ನಾಲ್ಕು ಯಂತ್ರ ನೋಡಿಕೊಳ್ಳಿ, ಅಗತ್ಯ ಸೇವೆಯವರಿಗೆ ಯಾರೂ ಕೇಳುವುದಿಲ್ಲ ಎಂದು. ಹಿಂದಿನ ಎರಡು ವರ್ಷ ಕೊರೋನಾ ವಾರ್ಡಿನಲ್ಲಿ ದುಡಿದವರಿಗೆ ಇದು ಸಹಜ ಮಾತಿನಂತೆ ಕೇಳಿಸಿದರೂ ಆಶ್ಚರ್ಯವಿಲ್ಲ. ಆದರೆ ಮಾರ್ಗಸೂಚಿಯಲ್ಲಿ ಆರೋಗ್ಯ ಕಾರ್ಯಕರ್ತರಿಗೆ ಬೇರೆ ದಾರಿ ಇರಲಿಲ್ಲ. ಇದ್ದಿದ್ದರೂ ಪಿಪಿಇ ರಕ್ಷಿಸುವುದು ಮುಖ್ಯವಾಗಿ ಹಾಕಿಕೊಂಡವರನ್ನು. ಕವಾಟವಿರುವ ಎನ್95 ಆದರೆ ಉಸಿರು ಸೋಸದೆ ರೋಗಿಯ ಕಡೆಗೇ ಹೋಗುತ್ತದೆ. ಆರು ತಾಸಿನ ಪಾಳಿಯಲ್ಲಿ ನೀರು ಕುಡಿಯಲು ಒಮ್ಮೆ ಮುಖವಾಡ ತೆಗೆಯಲೇಬೇಕು, ಅದು ಸಹೋದ್ಯೋಗಿಗಳ ನಡುವೆ. ಆ ಕ್ಷಣದಲ್ಲಿ ಉಳಿದಿದ್ದ ನಾಲ್ವರಲ್ಲಿ ಇಬ್ಬರಿಗೆ ತಗಲಿದರೆ ಎರಡು ಪಾಳಿಯೂ ಇಲ್ಲ.

ತಂತ್ರಜ್ಞೆ ಇಲ್ಲವೆಂದರು. ಜೊತೆಗೆ ಎರಡಕ್ಕಿಳಿಸಿದ ಹನ್ನೆರಡು ರೋಗಿಗಳಿಗೆ ದಿನಾ ಫೋನ್ ಮಾಡುವ ಕೆಲಸ ತನಗೆ ಕೊಡಿ ಎಂದರು. ಅಷ್ಟೂ ಜನರ ಫಿಸ್ಟುಲಾ, ತೂಕ, ಊಟದ ಚಪಲ ಆಕೆಗೆ ಬಾಯಿಪಾಠ. ಘಟಕದವರು ಚಾರ್ಟುಗಳ ಫೋಟೋ ಕಳಿಸಿದರು. ತಜ್ಞರು ನಾಲ್ಕು ಪ್ರಶ್ನೆ ಕೊಟ್ಟರು: ಇವತ್ತಿನ ತೂಕವೆಷ್ಟು, ರಾತ್ರಿ ದಿಂಬು ಏರಿಸಿ ಮಲಗಿದ್ದಿರಾ, ನಿನ್ನೆ ಮೂತ್ರ ಎಷ್ಟಾಯಿತು, ಏನು ಉಂಡಿರಿ. ಐದನೆಯದನ್ನು ಆಕೆಯೇ ಸೇರಿಸಿದರು: ಕೈಕಾಲಿನ ಬಲ ಹೇಗಿದೆ.

ಜನವರಿ 17

ಸಂಕ್ರಾಂತಿಯ ಊಟವನ್ನು ಡಯಾಲಿಸಿಸ್ ಘಟಕದ ಕಣ್ಣಿನಿಂದ ನೋಡಿದರೆ ಎದೆ ಝಲ್ಲೆನ್ನುತ್ತದೆ. ಭೋಗಿ ಪಲ್ಯದಲ್ಲಿ ಅವರೆ, ಬದನೆ, ಗಜ್ಜರಿ, ಹಸಿ ಕಡಲೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಬೆಲ್ಲ, ಕಬ್ಬು, ಬಾಳೆಹಣ್ಣು. ಒಂದೊಂದರಲ್ಲೂ ಪೊಟ್ಯಾಸಿಯಂ. ಪಲ್ಯದ ತರಕಾರಿ ಹೆಚ್ಚಿ, ಹೆಚ್ಚು ನೀರಿನಲ್ಲಿ ಕುದಿಸಿ, ಆ ನೀರು ಚೆಲ್ಲಿ ಮಾಡಿದರೆ ಪೊಟ್ಯಾಸಿಯಂ ಒಂದಷ್ಟು ಇಳಿಯುತ್ತದೆ ಎಂದು ಎಲ್ಲರಿಗೂ ಹೇಳಿದ್ದರು. ಹಬ್ಬದ ದಿನ ಒಬ್ಬರಿಗಾಗಿ ಬೇರೆ ಪಲ್ಯ ಮಾಡುವ ಮನೆ ಎಷ್ಟಿರುತ್ತವೆ?

ಮೂರು ಸಲದಿಂದ ಎರಡಕ್ಕಿಳಿದ ಒಬ್ಬ ರೋಗಿ, ಐವತ್ತರ ಹರೆಯದ ರೈತ, 14ರ ಶುಕ್ರವಾರ ಮಾಡಿಸಿಕೊಂಡಿದ್ದರು. ಮುಂದಿನ ಸರದಿ 18ರ ಮಂಗಳವಾರ. ನಾಲ್ಕು ದಿನದ ಅಂತರ, ನಡುವೆ ಹಬ್ಬ. 15 ಮತ್ತು 16ರಂದು ಫೋನಿನಲ್ಲಿ ಎಲ್ಲ ಸರಿಯೆಂದರು. 17ರ ಬೆಳಿಗ್ಗೆ ಫೋನ್ ಎತ್ತಿದ್ದು ಮಗ. ತೂಕ 14ಕ್ಕಿಂತ ಎರಡೂವರೆ ಕಿಲೋ ಹೆಚ್ಚು. ಉಬ್ಬಸವಿಲ್ಲ. ತಂತ್ರಜ್ಞೆ ಐದನೇ ಪ್ರಶ್ನೆ ಕೇಳಿದಾಗ, ‘ಮುಂಜಾನಿಂದ ಕಾಲ ಎತ್ತಾಕ ಬರವಲ್ದು ಅಂತಾರ್ರಿ, ಹಬ್ಬದಾಗ ಓಡ್ಯಾಡಿ ದಣದಾರ ಅಂತ ಸುಮ್ಮನಿದ್ವಿ’ ಎಂದ.

ಕಾಲಿನ ಬಲ ಹೋಗುವುದು ಪೊಟ್ಯಾಸಿಯಂ ಬಹಳ ಏರಿದ್ದರ ಗುರುತು, ಹೃದಯ ನಿಲ್ಲುವುದಕ್ಕೆ ಬಹಳ ದೂರವಿರುವುದಿಲ್ಲ. ಕೂಡಲೇ ಹೊರಡಿಸಿದರು. ಅವರು ಬರುವಷ್ಟರಲ್ಲಿ ತುರ್ತು ವಿಭಾಗಕ್ಕೂ ತಜ್ಞರಿಗೂ ಸುದ್ದಿ ಮುಟ್ಟಿತ್ತು. ಇಸಿಜಿಯಲ್ಲಿ ಟಿ ಅಲೆಗಳು ಗುಡಾರದಂತೆ ಚೂಪು, ಪೊಟ್ಯಾಸಿಯಂ 7.1. ಮಾನಿಟರ್ ನೋಡುತ್ತ ಶೇಕಡಾ 10ರ ಕ್ಯಾಲ್ಶಿಯಂ ಗ್ಲುಕೋನೇಟ್ 10 ಮಿ.ಲೀ. ನಿಧಾನವಾಗಿ, ಹತ್ತು ಯೂನಿಟ್ ಇನ್ಸುಲಿನ್ ಜೊತೆ ಶೇಕಡಾ 25ರ ಡೆಕ್ಸ್‌ಟ್ರೋಸ್ 100 ಮಿ.ಲೀ., ಸಾಲ್ಬುಟಮಾಲ್ ನೆಬ್ಯುಲೈಸೇಷನ್. ಇವು ಪೊಟ್ಯಾಸಿಯಂ ಅನ್ನು ದೇಹದಿಂದ ತೆಗೆಯುವುದಿಲ್ಲ, ಯಂತ್ರಕ್ಕೆ ಜೋಡಿಸುವವರೆಗೆ ಹೃದಯವನ್ನು ಕಾಯುತ್ತವೆ. ಮುಕ್ಕಾಲು ತಾಸಿನಲ್ಲಿ ಡಯಾಲಿಸಿಸ್ ಶುರುವಾಯಿತು. ನಡೆಸಿದ್ದು 9ರಂದು ಪಾಸಿಟಿವ್ ಆಗಿ, 17ರಂದೇ ಕೆಲಸಕ್ಕೆ ಮರಳಿದ್ದ ತಂತ್ರಜ್ಞ. ಎರಡು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು.

ಈ ರೋಗಿ ಅಳತೆಗೋಲಿನಲ್ಲಿ ಪಾಸಾದದ್ದು ಹೇಗೆ? ಚಾರ್ಟಿನಲ್ಲಿ ಮೂತ್ರ 600 ಮಿ.ಲೀ. ಎಂದಿತ್ತು, ಅದು ಅಕ್ಟೋಬರ್‌ನದು. ಡಯಾಲಿಸಿಸ್ ಶುರುವಾದ ಮೇಲೆ ಉಳಿದ ಮೂತ್ರ ತಿಂಗಳು ತಿಂಗಳಿಗೆ ಇಳಿಯುವುದು ಸಾಮಾನ್ಯ. ಜನವರಿಯಲ್ಲಿ ಅಳೆದಾಗ ದಿನಕ್ಕೆ 150 ಮಿ.ಲೀ. ಮಾತ್ರ. ಅಳತೆಗೋಲು ಸರಿಯಿತ್ತು, ಅದಕ್ಕೆ ಇಟ್ಟ ಅಂಕಿ ಹಳತಾಗಿತ್ತು. ಉಳಿದ ಹನ್ನೊಂದು ಜನರದನ್ನೂ ಅಳೆಸಿದಾಗ ಇನ್ನಿಬ್ಬರದು ಅರ್ಧ ಲೀಟರಿಗೆ ಕಡಿಮೆ ಬಂತು. ಅವರನ್ನು ಮೊದಲು ಮೂರಕ್ಕೆ ಮರಳಿಸಿದರು. ಈ ಅಳತೆಗೆ ಬೇಕಾದದ್ದು ಒಂದು ಪ್ಲಾಸ್ಟಿಕ್ ಡಬ್ಬಿ ಮತ್ತು 24 ತಾಸು. 10ನೇ ತಾರೀಖಿಗೇ ಮಾಡಿಸಬಹುದಿತ್ತು.

ದಿನದ ಲೆಕ್ಕ ಮತ್ತು ಸಂಬಳದ ಲೆಕ್ಕ

ಪಾಸಿಟಿವ್ ಆದ ಇಬ್ಬರೂ 17 ಮತ್ತು 18ಕ್ಕೆ ಮರಳಿದರು. ಜನವರಿ 5ರ ಮನೆ ಪ್ರತ್ಯೇಕವಾಸದ ಮಾರ್ಗಸೂಚಿಯ ಪ್ರಕಾರ ಪಾಸಿಟಿವ್ ಆಗಿ ಏಳು ದಿನ ಕಳೆದು, ಸತತ ಮೂರು ದಿನ ಜ್ವರವಿಲ್ಲದಿದ್ದರೆ ಸಾಕು, ಮರುಪರೀಕ್ಷೆ ಬೇಡ. ಸೋಂಕೇ ಇಲ್ಲದ ತಂತ್ರಜ್ಞೆ ಅವರಿಗಿಂತ ತಡವಾಗಿ ಬಂದರು.

ತಡವಾದದ್ದು ಎಣಿಕೆಯ ಗೊಂದಲದಿಂದ. ವೇಳಾಪಟ್ಟಿ ಬರೆಯುವವರು 11ರಿಂದ 17 ಏಳು ದಿನ, 18ರ ಬೆಳಿಗ್ಗೆ ಆರಕ್ಕೆ ಹಾಜರಿ ಎಂದು ಬರೆದರು. ಎಂಟನೇ ದಿನ ಎಂದರೆ ಮೂಗಿನ ಮಾದರಿ ಕೊಡುವ ದಿನ, ವರದಿ ಬರುವ ದಿನವಲ್ಲ. 18ಕ್ಕೆ ಮಾದರಿ, ಮೂರನೇ ಅಲೆಯಲ್ಲಿ ಪ್ರಯೋಗಾಲಯ ತುಂಬಿ ತುಳುಕುತ್ತಿತ್ತು, ವರದಿ 19ರ ಸಂಜೆ, ನೆಗೆಟಿವ್. ಏರ್ ಸುವಿಧಾಕ್ಕೆ ಏರಿಸಿ 20ಕ್ಕೆ ಕೆಲಸಕ್ಕೆ ಬಂದರು. 18 ಮತ್ತು 19ರ ಪಾಳಿಗೆ ಕೊನೆಯ ಗಳಿಗೆಯಲ್ಲಿ ಬದಲಿ ಹುಡುಕಬೇಕಾಯಿತು. ಏಳು ದಿನದ ಕ್ವಾರಂಟೈನ್ ಕೆಲಸದ ಲೆಕ್ಕದಲ್ಲಿ ಒಂಬತ್ತು ದಿನ.

ವರದಿ ನೆಗೆಟಿವ್ ಬಂದದ್ದನ್ನು ಕೇಳಿ, ‘ಹಾಗಾದರೆ 13ಕ್ಕೇ ಕರೆಸಬಹುದಿತ್ತು’ ಎಂದವರಿದ್ದರು. 13ರಂದು ಯಾರ ಕೈಯಲ್ಲೂ 19ರ ವರದಿ ಇರಲಿಲ್ಲ. ಆ ದಿನ ಗೊತ್ತಿದ್ದುದರ ಮೇಲೆ ತೆಗೆದುಕೊಂಡ ನಿರ್ಧಾರ ಸರಿಯಾಗಿತ್ತು ಎಂಬುದು ನಮ್ಮ ಅಭಿಪ್ರಾಯ.

ಹೆಚ್ಚು ಕಹಿಯಾದದ್ದು ಸಂಬಳದ ಮಾತು. ಪಾಸಿಟಿವ್ ಆದವರಿಗೆ ವಿಶೇಷ ರಜೆ ಕೊಟ್ಟ ಆಡಳಿತ, ತಂತ್ರಜ್ಞೆಯ ಕ್ವಾರಂಟೈನ್ ದಿನಗಳನ್ನು ವೇತನರಹಿತ ಎಂದು ಗುರುತು ಹಾಕಿತು. ಸ್ವಂತ ಸುತ್ತಾಟಕ್ಕೆ ಹೋದದ್ದಲ್ಲವೇ ಎಂಬುದು ಕಾರಣ. ಸಿಬ್ಬಂದಿ ಇದನ್ನು ಒಪ್ಪಲಿಲ್ಲ. ಅವರ ಮಾತಿನಲ್ಲಿ ತೂಕವಿತ್ತು: ಹೀಗೆ ಮಾಡಿದರೆ ಮುಂದಿನವರು ಹುಬ್ಬಳ್ಳಿಗೆ ಹೋಗುತ್ತೇನೆಂದು ಬರೆದುಕೊಟ್ಟು ವಿದೇಶಕ್ಕೆ ಹೋಗಿ, ಯಾರಿಗೂ ಹೇಳದೆ ನೇರ ಪಾಳಿಗೆ ಬರುತ್ತಾರೆ. ನಿಜ ಹೇಳಿದವರಿಗೆ ದಂಡ ಹಾಕುವ ಪದ್ಧತಿ ಸೋಂಕು ನಿಯಂತ್ರಣಕ್ಕೆ ನೇರ ಶತ್ರು.

ಕೊನೆಗೆ ಒಂದು ಗೆರೆ ಎಳೆದರು. ರಜೆ ಮಂಜೂರಾದ ದಿನ ಜಾರಿಯಲ್ಲಿದ್ದ ಕ್ವಾರಂಟೈನ್ ದಿನಗಳನ್ನು ನೌಕರರು ತಮ್ಮ ಗಳಿಕೆ ರಜೆಯಿಂದ ಭರಿಸಬೇಕು, ಅರ್ಜಿಯಲ್ಲೇ ಸೇರಿಸಿ ಕೇಳಬೇಕು. ಮಂಜೂರಾದ ಮೇಲೆ ಸರ್ಕಾರ ಹೆಚ್ಚಿಸಿದ ದಿನಗಳಿಗೆ, ಅಥವಾ ಆಸ್ಪತ್ರೆಯೇ ತನ್ನ ಘಟಕಕ್ಕಾಗಿ ಹೆಚ್ಚು ವಿಧಿಸಿದ ದಿನಗಳಿಗೆ, ಸಂಬಳದ ವಿಶೇಷ ರಜೆ. ಮನೆಯಿಂದ ಮಾಡಿದ ಫೋನ್ ಕೆಲಸವನ್ನು ಹಾಜರಿಯೆಂದು ಹಿಡಿದರು. ತಂತ್ರಜ್ಞೆಗೆ ಒಂದು ರೂಪಾಯಿಯೂ ಕಡಿತವಾಗಲಿಲ್ಲ.

ಆಮೇಲೆ ಬದಲಾದದ್ದು

ವಿದೇಶ ರಜೆಯ ಅರ್ಜಿ ಒಂದು ಪುಟದಿಂದ ಎರಡು ಪುಟವಾಯಿತು. ಹೋಗುವ ದೇಶದ ಜೊತೆ ದಾರಿಯಲ್ಲಿ ಇಳಿಯುವ ದೇಶವನ್ನೂ ಬರೆಯಬೇಕು. ಇಂದಿನ ನಿಯಮದ ಪ್ರಕಾರ ಹಾಜರಾಗುವ ದಿನ ಒಂದು, ನಿಯಮ ಬಿಗಿಯಾದರೆ ಹಾಜರಾಗುವ ದಿನ ಇನ್ನೊಂದು. ಎರಡನೆಯದರಲ್ಲಿ ವರದಿ ಬರಲು ಎರಡು ದಿನ ಸೇರಿಸಿಯೇ ಇರಬೇಕು. ವೇಳಾಪಟ್ಟಿ ಬರೆಯುವವರು ಎರಡನೇ ದಿನಾಂಕವನ್ನೇ ಹಿಡಿಯುತ್ತಾರೆ, ಬೇಗ ಬಂದರೆ ಲಾಭ. ಟಿಕೆಟ್ ದಿನಾಂಕ ಬದಲಿಸಲು ಬರುವಂಥದ್ದೇ, ಮನೆಯಲ್ಲಿ ಬೇರೆ ಬಚ್ಚಲಿದೆಯೇ ಎಂಬ ಪ್ರಶ್ನೆಗಳೂ ಸೇರಿದವು. ಬಚ್ಚಲಿಲ್ಲವೆಂದರೆ ಆಸ್ಪತ್ರೆಯ ಹಳೆಯ ವಸತಿಗೃಹದ ಒಂದು ಕೋಣೆ. ಡಯಾಲಿಸಿಸ್, ಐಸಿಯು, ನವಜಾತ ಶಿಶು ಘಟಕ ಈ ಮೂರಕ್ಕೆ ಸರ್ಕಾರದ ನಿಯಮ ಎಷ್ಟೇ ಸಡಿಲವಿದ್ದರೂ ಮರಳಿದ ಮೇಲಿನ ಏಳು ದಿನ ರೋಗಿಗಳ ಬಳಿ ಕೆಲಸವಿಲ್ಲ, ಆರ್‌ಒ ನಿರ್ವಹಣೆ, ದಾಸ್ತಾನು, ಫೋನ್ ವಿಚಾರಣೆ ಕೊಡುವುದೆಂದು ಸೋಂಕು ನಿಯಂತ್ರಣ ಸಮಿತಿ ಬರೆದಿಟ್ಟಿತು. ಫೆಬ್ರವರಿ 14ರಿಂದ ಕೇಂದ್ರ ಏಳು ದಿನದ ಕ್ವಾರಂಟೈನ್ ತೆಗೆದು ಮತ್ತೆ 14 ದಿನದ ಸ್ವಯಂ ನಿಗಾಕ್ಕೆ ಮರಳಿದಾಗಲೂ ಇದನ್ನು ಕೆಲವು ತಿಂಗಳು ಇಟ್ಟುಕೊಂಡರು.

ರೋಗಿಗಳ ಚಾರ್ಟಿನಲ್ಲಿ 24 ತಾಸಿನ ಮೂತ್ರದ ಅಳತೆಗೆ ತಿಂಗಳಿಗೊಂದು ಖಾನೆ ಬಂತು, ವೈರಲ್ ಮಾರ್ಕರ್‌ಗೆ ಮುಗಿಯುವ ದಿನಾಂಕದ ಖಾನೆ ಬಂತು. ಕಷ್ಟವಾದದ್ದು ಜನರನ್ನು ತಯಾರು ಮಾಡುವುದು. ವಾರ್ಡಿನ ಇಬ್ಬರು ನರ್ಸ್‌ಗಳನ್ನು ಆಯ್ದು, ವಾರಕ್ಕೆ ಎರಡು ಪಾಳಿಯಂತೆ ಡಯಾಲಿಸಿಸ್‌ನಲ್ಲಿ ನಿಲ್ಲಿಸಿದರು. ಮೊದಲ ತಿಂಗಳು ಆರ್‌ಒ ಮತ್ತು ಪ್ರೈಮಿಂಗ್ (ಕೊಳವೆಗಳಿಗೆ ದ್ರಾವಣ ತುಂಬಿ ಸಿದ್ಧ ಮಾಡುವುದು), ಎರಡನೇ ತಿಂಗಳು ಅಲಾರಂಗಳು, ಮೂರನೇ ತಿಂಗಳಿನಿಂದ ಹಳೆಯ, ದಪ್ಪಗಾದ ಫಿಸ್ಟುಲಾಗಳಿಗೆ ಮಾತ್ರ ಸೂಜಿ, ಅದೂ ಪಕ್ಕದಲ್ಲಿ ಒಬ್ಬರು ನಿಂತು. ಒಬ್ಬಾಕೆ ನಡುವೆಯೇ ಕೆಲಸ ಬಿಟ್ಟರು, ಇನ್ನೊಬ್ಬರು ಈಗ ಸ್ವತಂತ್ರವಾಗಿ ನಾಲ್ಕು ಯಂತ್ರ ನೋಡಿಕೊಳ್ಳುತ್ತಾರೆ.

ಹೊಸ ಅರ್ಜಿಯನ್ನು ಮೊದಲು ತುಂಬಿದ್ದು ಅದೇ ಘಟಕದ ಇನ್ನೊಬ್ಬ ತಂತ್ರಜ್ಞ, ಮೇ ತಿಂಗಳಲ್ಲಿ ನೇಪಾಳಕ್ಕೆ ಹೋಗಲು. ಎರಡು ದಿನಾಂಕಗಳ ನಡುವೆ ಒಂಬತ್ತು ದಿನದ ಅಂತರವಿತ್ತು. ಬದಲಿಯಾಗಿ ತರಬೇತಾದ ನರ್ಸ್ ಹೆಸರು ಬರೆದು ರಜೆ ಮಂಜೂರು ಮಾಡಿದರು.